ಭಾರ ಯಾವ ಕಾಲಿನ ಮೇಲೆ? ತೈ ಚಿ ಅಭ್ಯಾಸದ ಬಗ್ಗೆ



ವೈದ್ಯಕೀಯ ನೆರವಿನ ಮನವಿ ಪತ್ರದಲ್ಲಿ ಚೀನಾ ದೇಶದ ವ್ಯಾಯಾಮವೊಂದರ ಮೇಲೆ ಲೇಖನ ಯಾಕೆ ಎಂದು ಕೆಲವರಿಗೆ ಅನಿಸಬಹುದು. ಕಾರಣ ನಮ್ಮ ನಿಧಿಯ ಕಡತಗಳಲ್ಲೇ ಇದೆ. ಬಂದ ಅರ್ಜಿಗಳನ್ನು ಓದಿ ಬಿಲ್ಲುಗಳನ್ನು ತಾಳೆ ನೋಡುವ ಕೆಲಸವನ್ನು ಸಮಿತಿ ನನಗೆ ವಹಿಸಿದೆ. ಬ್ಯಾಂಕಿನಲ್ಲಿ ವರ್ಷಗಟ್ಟಲೆ ಸಾಲದ ಅರ್ಜಿ ಓದಿದವನಿಗೆ ಇದು ಹೊಸ ಕೆಲಸವೇನಲ್ಲ. ಹೃದಯ, ಮೂತ್ರಪಿಂಡ, ಕ್ಯಾನ್ಸರ್ ಎಂಬ ದೊಡ್ಡ ಹೆಸರುಗಳ ನಡುವೆ ಒಂದು ಸಣ್ಣ ವಾಕ್ಯ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. “ಬಚ್ಚಲಲ್ಲಿ ಜಾರಿ ಬಿದ್ದರು.” “ಮೆಟ್ಟಿಲು ಇಳಿಯುವಾಗ ಬಿದ್ದರು.” “ರಾತ್ರಿ ಎದ್ದಾಗ ಬಿದ್ದರು.” ಅದರ ಕೆಳಗೆ ಸೊಂಟದ ಮೂಳೆ ಮುರಿತ, ಶಸ್ತ್ರಚಿಕಿತ್ಸೆ, ವಾಕರ್, ಮನೆಗೆ ಬರುವ ಫಿಸಿಯೋಥೆರಪಿ, ನೋಡಿಕೊಳ್ಳಲು ರಜೆ ಹಾಕಿದ ಮಗಳ ಸಂಬಳ.

ಬೀಳುವುದು ಕಾಯಿಲೆಯಲ್ಲ ಎಂದು ನಾವೆಲ್ಲ ಅಂದುಕೊಂಡಿದ್ದೇವೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6,84,000 ಜನ ಬಿದ್ದು ಸಾಯುತ್ತಾರೆ. ಅಪಘಾತದ ಸಾವುಗಳಲ್ಲಿ ರಸ್ತೆ ಅಪಘಾತದ ನಂತರದ ಸ್ಥಾನ ಇದಕ್ಕೇ. ಅವರಲ್ಲಿ ಹೆಚ್ಚಿನವರು 60 ದಾಟಿದವರು. ಖರಾಡಿಯಲ್ಲಿ ಈ ವಿಷಯ ಇನ್ನೂ ಹತ್ತಿರದ್ದು. ಇಯಾನ್ ಐಟಿ ಪಾರ್ಕು, ವರ್ಲ್ಡ್ ಟ್ರೇಡ್ ಸೆಂಟರ್ ಬಂದ ಮೇಲೆ ಮುಳಾ-ಮುಠಾ ದಂಡೆಯ ಈ ಹಳ್ಳಿ ಗೋಪುರಗಳ ಊರಾಯಿತು. ಮಕ್ಕಳ ನೌಕರಿಯ ಹಿಂದೆ ಧಾರವಾಡ, ಮೈಸೂರು, ಶಿವಮೊಗ್ಗದಿಂದ ತಂದೆತಾಯಿ ಬಂದರು. ಅದೇ ಗೋಪುರ ಕಟ್ಟಲು, ಕಾಯಲು, ಗುಡಿಸಲು ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯವರು ಬಂದರು. ಮಣ್ಣಿನ ನೆಲ, ಕಡಪ ಕಲ್ಲಿನ ಮೇಲೆ ನಡೆದ ಕಾಲುಗಳು ಈಗ ನೀರು ಬಿದ್ದರೆ ಕಾಣದ ನುಣುಪು ಟೈಲ್ಸಿನ ಮೇಲೆ ನಡೆಯುತ್ತಿವೆ.

ಒಂದೂವರೆ ವರ್ಷದಿಂದ ನಾನು ವಾರಕ್ಕೆ ಎರಡು ದಿನ ತೈ ಚಿ ಕಲಿಯುತ್ತಿದ್ದೇನೆ. ಸಿಂಗಪುರದಲ್ಲಿ ಹಲವು ವರ್ಷ ಇದ್ದು, ಅಲ್ಲಿಯ ಉದ್ಯಾನಗಳಲ್ಲಿ ಇದನ್ನು ಕಲಿತು ಬಂದ ನಮ್ಮ ಸೊಸೈಟಿಯ ಮಹಿಳೆಯೊಬ್ಬರು ಕಲಿಸುತ್ತಾರೆ, ಹಣ ತೆಗೆದುಕೊಳ್ಳುವುದಿಲ್ಲ. ನಾನು ಗುರುವಲ್ಲ, ವೈದ್ಯನೂ ಅಲ್ಲ. ನಿಧಿಯ ಖರ್ಚು ನೋಡುವವನ ಕಣ್ಣಿಗೆ ಇದರಲ್ಲಿ ಏನು ಕಂಡಿತು ಎನ್ನುವುದನ್ನು ಮಾತ್ರ ಬರೆಯುತ್ತೇನೆ.

ಮೊದಲು ಹೆಸರಿನ ವಿಷಯ. ತೈ ಚಿ ಎಂಬುದರ ‘ಚಿ’ ಎಂದರೆ ಪ್ರಾಣಶಕ್ತಿ ಎಂದು ಹಲವರು ತಿಳಿದಿದ್ದಾರೆ, ವಾಟ್ಸಾಪಿನಲ್ಲೂ ಹಾಗೇ ಓಡಾಡುತ್ತದೆ. ಅದು ಬೇರೆ ಅಕ್ಷರ, ಬೇರೆ ಶಬ್ದ. ಇಲ್ಲಿಯ ‘ಚಿ’ಗೆ ತುದಿ, ಪರಮಾವಧಿ ಎಂಬ ಅರ್ಥ. ಆ ಅಕ್ಷರದ ಮೂಲಾರ್ಥ ಮನೆಯ ಮಾಡಿನ ನೆತ್ತಿಯ ತೊಲೆ. ಎರಡು ಇಳಿಜಾರು ಸೇರುವ ಜಾಗ. ಪೂರ್ತಿ ಹೆಸರು ತೈ ಚಿ ಚುವಾನ್. ಚುವಾನ್ ಎಂದರೆ ಮುಷ್ಟಿ. ಅಂದರೆ ಇದು ಹುಟ್ಟಿನಿಂದ ಕಾಳಗದ ವಿದ್ಯೆ, ನಮ್ಮ ಗರಡಿ ಮನೆಯ ದೂರದ ಸಂಬಂಧಿ.

ಹಾವು ಮತ್ತು ಕೊಕ್ಕರೆಯ ಜಗಳ ನೋಡಿ ಒಬ್ಬ ತಪಸ್ವಿ ಇದನ್ನು ಕಂಡುಹಿಡಿದ ಎಂಬ ಕತೆಯಿದೆ. ನಮ್ಮಲ್ಲಿ ಪ್ರತಿ ಗುಡಿಗೊಂದು ಸ್ಥಳಪುರಾಣ ಇರುವ ಹಾಗೆ ಅದು. ಇತಿಹಾಸಕಾರರು ಒಪ್ಪುವುದು ಹೆನಾನ್ ಪ್ರಾಂತದ ಚೆನ್ ಮನೆತನದ ಹಳ್ಳಿಯನ್ನು, 17ನೇ ಶತಮಾನವನ್ನು. ಅಲ್ಲಿ ಕಲಿತ ಯಾಂಗ್ ಲುಚಾನ್ (1799–1872) ಅದನ್ನು ಬೀಜಿಂಗಿಗೆ ಒಯ್ದ. ಅವನ ಮೊಮ್ಮಗ ಯಾಂಗ್ ಚೆಂಗ್‌ಫು (1883–1936) ನೆಗೆತ, ಹೊಡೆತಗಳನ್ನು ತಗ್ಗಿಸಿ, ಎಲ್ಲ ವಯಸ್ಸಿನವರೂ ಮಾಡಬಹುದಾದ ನಿಧಾನದ, ಸಮಗತಿಯ ರೂಪ ಕೊಟ್ಟ. ಅವನು ಹೇಳಿ ಬರೆಸಿದ ಹತ್ತು ಸೂತ್ರಗಳನ್ನೇ ಇಂದಿಗೂ ಹೆಚ್ಚಿನ ಶಿಕ್ಷಕರು ಕಲಿಸುತ್ತಾರೆ. 1956ರಲ್ಲಿ ಚೀನಾ ಸರ್ಕಾರದ ಕ್ರೀಡಾ ಆಯೋಗ 24 ಭಂಗಿಗಳ ಸರಳ ಕ್ರಮವೊಂದನ್ನು ಸಿದ್ಧಪಡಿಸಿತು. 2020ರ ಡಿಸೆಂಬರಿನಲ್ಲಿ ಯುನೆಸ್ಕೋ ತನ್ನ ಪರಂಪರೆಯ ಪಟ್ಟಿಗೆ ತೈ ಚಿಯನ್ನು ಸೇರಿಸಿತು. ಇತಿಹಾಸ ಇಷ್ಟು ಸಾಕು.

ಹತ್ತು ಸೂತ್ರಗಳನ್ನೂ ಇಲ್ಲಿ ಪಟ್ಟಿ ಮಾಡುವುದಿಲ್ಲ. ನಮ್ಮ ವಯಸ್ಸಿನವರಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ‘ತುಂಬಿದ್ದು ಯಾವುದು, ಖಾಲಿ ಯಾವುದು ಎಂದು ಬೇರ್ಪಡಿಸು’ ಎಂಬ ಸೂತ್ರ. ಮೈಭಾರವೆಲ್ಲ ಬಲಗಾಲಿನ ಮೇಲಿದ್ದರೆ ಬಲಗಾಲು ತುಂಬಿದೆ, ಎಡಗಾಲು ಖಾಲಿ. ಯಾವ ಕ್ಷಣದಲ್ಲಿ ಕೇಳಿದರೂ ಭಾರ ಎಲ್ಲಿದೆ ಎಂದು ಹೇಳಬರಬೇಕು. ಬ್ಯಾಂಕಿನವರಿಗೆ ಇದು ಸುಲಭ. ದುಡ್ಡು ಯಾವ ಖಾತೆಯಲ್ಲಿದೆ ಎನ್ನುವುದು ಗೊತ್ತಿಲ್ಲದೆ ಸಂಜೆ ಪುಸ್ತಕ ಮುಚ್ಚುವಂತಿಲ್ಲ.

ನಾವು ಮಾಮೂಲಾಗಿ ನಡೆಯುವುದನ್ನು ಒಮ್ಮೆ ಗಮನಿಸಿ. ಮೈಯನ್ನು ಮುಂದಕ್ಕೆ ಎಸೆಯುತ್ತೇವೆ, ಅದು ಬೀಳುವಷ್ಟರಲ್ಲಿ ಕಾಲು ಬಂದು ಹಿಡಿಯುತ್ತದೆ. ಪ್ರತಿ ಹೆಜ್ಜೆಯೂ ಅರ್ಧ ಬೀಳುವಿಕೆಯೇ. ಇಪ್ಪತ್ತರ ವಯಸ್ಸಿನಲ್ಲಿ ಕಾಲು ಸಮಯಕ್ಕೆ ಬರುತ್ತದೆ. ಎಪ್ಪತ್ತರಲ್ಲಿ ಒಂದು ಮ್ಯಾಟಿನ ಅಂಚು, ಒಂದು ತೊಟ್ಟು ಸೋಪಿನ ನೀರು ಸಾಕು, ಕಾಲು ತಡವಾಗುತ್ತದೆ. ತೈ ಚಿಯಲ್ಲಿ ಕ್ರಮ ತಿರುವುಮುರುವು. ಭಾರ ಹಿಂದಿನ ಕಾಲಿನಲ್ಲೇ ಇರುವಾಗ ಖಾಲಿ ಕಾಲು ಮುಂದೆ ಹೋಗಿ, ಹಿಮ್ಮಡಿ ಊರಿ, ನೆಲ ಗಟ್ಟಿ ಇದೆಯೇ ಎಂದು ನೋಡುತ್ತದೆ. ಗಟ್ಟಿ ಇದ್ದರೆ ಮಾತ್ರ ಭಾರ ನಿಧಾನವಾಗಿ ಅತ್ತ ಹರಿಯುತ್ತದೆ, ಇಲ್ಲದಿದ್ದರೆ ಕಾಲು ವಾಪಸು ಬರುತ್ತದೆ. ಗೊತ್ತಿಲ್ಲದ ಹೊಳೆಯಲ್ಲಿ ಆಳ ನೋಡುತ್ತ ದಾಟುವವನು ಹೀಗೇ ನಡೆಯುತ್ತಾನೆ. ನೋಟು ಎಣಿಸಿದ ಮೇಲೆ ರಸೀದಿ, ಮೊದಲಲ್ಲ.

ಅಭ್ಯಾಸ ಹೀಗೆ. ಹೆಗಲಗಲಕ್ಕೆ ಕಾಲಿಟ್ಟು ನಿಲ್ಲಿ. ಮೊಣಕಾಲು ಬಗ್ಗಿಸುವುದಲ್ಲ, ಬಾಗಿಲ ಚಿಲಕ ತೆಗೆದ ಹಾಗೆ ಅದರ ಬಿಗಿ ತೆಗೆಯುವುದು, ಅಷ್ಟೇ. ಮೂರು ಉಸಿರಿನಷ್ಟು ಹೊತ್ತು ತೆಗೆದುಕೊಂಡು ಭಾರವನ್ನೆಲ್ಲ ಬಲಗಾಲಿಗೆ ಸುರಿಯಿರಿ. ಈಗ ಎಡ ಹಿಮ್ಮಡಿ ಎತ್ತಿ. ಎತ್ತುವಾಗ ಮೈ ಒಂದಿಷ್ಟೂ ವಾಲದಿದ್ದರೆ ಕಾಲು ನಿಜಕ್ಕೂ ಖಾಲಿಯಾಗಿದೆ. ವಾಲಿದರೆ ಅಲ್ಲಿ ಇನ್ನೂ ಬಾಕಿ ಉಳಿದಿದೆ ಎಂದರ್ಥ. ಮತ್ತೆ ಮೊದಲಿನಿಂದ. ನೋಡಲು ಇದು ಏನೂ ಅಲ್ಲ. ಮಾಡಿದ ಮೊದಲ ವಾರ ನನ್ನ ತೊಡೆಗಳು, ಮೂವತ್ತು ವರ್ಷ ಕುರ್ಚಿಯಲ್ಲಿ ಕಳೆದ ತೊಡೆಗಳು, ಗಡಗಡ ನಡುಗಿದವು. ಭಾರ ಎರಡೂ ಕಾಲಿನಲ್ಲಿ ಸಮಸಮ ಹಂಚಿ ನಿಲ್ಲುವುದನ್ನು ತೈ ಚಿಯವರು ‘ಜೋಡಿ ಭಾರ’ ಎಂದು ಕರೆದು ದೋಷವೆಂದು ಎಣಿಸುತ್ತಾರೆ. ಯಾರಾದರೂ ತಳ್ಳಿದರೆ ಆಗ ಯಾವ ಕಾಲೂ ಏಳುವ ಸ್ಥಿತಿಯಲ್ಲಿ ಇರುವುದಿಲ್ಲ. ಬಸ್ಸಿನಲ್ಲಿ ನಿಂತು ಪ್ರಯಾಣ ಮಾಡಿದವರಿಗೆ ಇದು ಗೊತ್ತು.

ಇಷ್ಟು ನಿಧಾನ ಯಾಕೆ ಎಂದು ಎಲ್ಲರೂ ಕೇಳುತ್ತಾರೆ. ಶಾಲೆಯ ಆಟೋಟದಲ್ಲಿ ನಿಧಾನ ಸೈಕಲ್ ಸ್ಪರ್ಧೆ ಇರುತ್ತಿತ್ತಲ್ಲ, ಅದನ್ನು ನೆನೆಯಿರಿ. ಜೋರಾಗಿ ತುಳಿಯುವವನಿಗೆ ವೇಗವೇ ಆಧಾರ, ನಿಧಾನ ತುಳಿಯುವವನಿಗೆ ತೂಕ ಗೊತ್ತಿರಬೇಕು. ವೇಗದಲ್ಲಿ ಮುಚ್ಚಿಹೋಗುವ ಪ್ರತಿ ಕೊರತೆಯೂ ನಿಧಾನದಲ್ಲಿ ಎದ್ದು ಕಾಣುತ್ತದೆ.

ತೂಕದ ಸುದ್ದಿಯನ್ನು ಮಿದುಳಿಗೆ ಮುಟ್ಟಿಸುವುದು ಮೂರು ಕಡೆಯಿಂದ: ಕಣ್ಣು, ಒಳಗಿವಿ, ಮತ್ತು ಅಂಗಾಲು-ಗಿಣ್ಣುಗಳ ಸ್ಪರ್ಶ. ವಯಸ್ಸಾದಂತೆ ಮೂರೂ ಮಂಕಾಗುತ್ತವೆ. ಸಕ್ಕರೆ ಕಾಯಿಲೆ ಹಳೆಯದಾದರೆ ಅಂಗಾಲಿನ ನರಗಳು ಇನ್ನೂ ಬೇಗ. ಆಗ ಮನುಷ್ಯ ನೆಲ ನೋಡಿಕೊಂಡು ನಡೆಯಲು ಶುರುಮಾಡುತ್ತಾನೆ, ರಾತ್ರಿ ದೀಪವಿಲ್ಲದಾಗ ಅದೂ ಇಲ್ಲ. ಒಮ್ಮೆ ಬಿದ್ದವರಿಗೆ ಇನ್ನೊಂದು ಕಾಟವಿದೆ, ಹೆದರಿಕೆ. ಹೆದರಿ ನಡೆಯುವುದು ಕಡಿಮೆ ಮಾಡುತ್ತಾರೆ, ನಡೆಯದೆ ಕಾಲು ಸೊರಗುತ್ತದೆ, ಸೊರಗಿದ ಕಾಲು ಮತ್ತೆ ಬೀಳಿಸುತ್ತದೆ. ಚಕ್ರಬಡ್ಡಿ ಎಂದರೆ ಇದೇ.

ಹೆದರಿಕೆಯ ಮಾತು ಬಂದದ್ದರಿಂದ ನಮ್ಮ ನಿಧಿಯ ಒಬ್ಬ ಫಲಾನುಭವಿಯ ವಿಷಯ ಹೇಳಬೇಕು. ಹೆಸರು ಬರೆಯುವುದಿಲ್ಲ, ಬರೆಯಲು ಅವರ ಒಪ್ಪಿಗೆ ಇದೆ. ಯಾದಗಿರಿ ಕಡೆಯ ತಾಯಿ, ವಯಸ್ಸು 68. ಇಲ್ಲಿಯ ಮೂರು ಮನೆಗಳಲ್ಲಿ ರೊಟ್ಟಿ ಬಡಿಯುತ್ತಿದ್ದರು, ಮಗ ಕಾವಲುಗಾರ. ಕಳೆದ ವರ್ಷದ ಮಳೆಗಾಲದಲ್ಲಿ ಕಟ್ಟಡವೊಂದರ ಒದ್ದೆ ಮೆಟ್ಟಿಲ ಮೇಲೆ ಬಿದ್ದು ತೊಡೆಮೂಳೆಯ ಕುತ್ತಿಗೆ ಮುರಿಯಿತು. 2024ರ ಅಕ್ಟೋಬರಿನಿಂದ 70 ದಾಟಿದ ಎಲ್ಲರಿಗೂ, ಆದಾಯ ಎಷ್ಟೇ ಇರಲಿ, ಆಯುಷ್ಮಾನ್ ಯೋಜನೆಯಡಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಆಸ್ಪತ್ರೆ ವೆಚ್ಚದ ರಕ್ಷಣೆ ಸಿಗುತ್ತಿದೆ. (ನಿಮ್ಮ ಮನೆಯ ಹಿರಿಯರಿಗೆ ಆ ವಯ ವಂದನಾ ಕಾರ್ಡ್ ಇನ್ನೂ ಮಾಡಿಸದಿದ್ದರೆ ಈ ವಾರವೇ ಮಾಡಿಸಿ, ನೋಂದಾಯಿತ ಆಸ್ಪತ್ರೆಗಳಲ್ಲಿ ಮಾತ್ರ ನಡೆಯುತ್ತದೆ.) ಈ ತಾಯಿಗೆ ಎಪ್ಪತ್ತಾಗಲು ಎರಡು ವರ್ಷ ಕಡಿಮೆ. ಶಸ್ತ್ರಚಿಕಿತ್ಸೆಯ ಒಂದು ಪಾಲು, ವಾಕರ್, ಆರು ವಾರದ ಫಿಸಿಯೋಥೆರಪಿ ನಮ್ಮ ನಿಧಿಯಿಂದ ಹೋಯಿತು. ಅದರಾಚೆಗೆ ಕೊಡಲು ನಿಯಮವೂ ಇರಲಿಲ್ಲ, ದುಡ್ಡೂ ಇರಲಿಲ್ಲ.

ಮೂಳೆ ಕೂಡಿತು. ಆದರೆ ಅವರು ಒಬ್ಬರೇ ಬಚ್ಚಲಿಗೆ ಹೋಗಲೊಲ್ಲರು. ಸೊಸೆ ಕೈ ಹಿಡಿಯಬೇಕು. ಹಾಗಾಗಿ ಸೊಸೆ ಕೆಲಸಕ್ಕೆ ಹೋಗುವಂತಿಲ್ಲ. ಒಂದು ಬೀಳುವಿಕೆ, ಎರಡು ಸಂಬಳ. ಸೊಂಟದ ಮೂಳೆ ಮುರಿದ ಹಿರಿಯರಲ್ಲಿ ಐದನೇ ಒಂದು ಪಾಲು ಅಥವಾ ಅದಕ್ಕೂ ಹೆಚ್ಚು ಜನ ವರ್ಷದೊಳಗೆ ತೀರಿಕೊಳ್ಳುತ್ತಾರೆ ಎಂದು ಹಲವು ದೇಶಗಳ ಅಧ್ಯಯನಗಳು ಹೇಳುತ್ತವೆ. ಮುರಿತಕ್ಕಿಂತ ಹೆಚ್ಚಾಗಿ ಆಮೇಲೆ ಹಿಡಿಯುವ ಹಾಸಿಗೆ ಅವರನ್ನು ತಿನ್ನುತ್ತದೆ.

ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರ ಅನುಮತಿ ಪಡೆದು, ಏಳನೆಯ ತಿಂಗಳಲ್ಲಿ ಅವರನ್ನು ತರಗತಿಗೆ ಕರೆತಂದೆವು. ಮುಂದೊಂದು ಕುರ್ಚಿ, ಹಿಂದೊಂದು ಕುರ್ಚಿ, ಪಕ್ಕದಲ್ಲಿ ಸೊಸೆ. ಅಂದು ಶಿಕ್ಷಕಿ ಮೊದಲ ಸೂತ್ರ ವಿವರಿಸುತ್ತಿದ್ದರು. ನೆತ್ತಿಗೆ ದಾರ ಕಟ್ಟಿ ಮೇಲಿನಿಂದ ತೂಗಿಬಿಟ್ಟಂತೆ ತಲೆ ಇರಬೇಕು, ಕತ್ತು ಬಿಗಿಯಬಾರದು, ಗದ್ದ ಎತ್ತಬಾರದು. ನಾವು ಹತ್ತು ಹನ್ನೆರಡು ನಿವೃತ್ತರು, ಒಬ್ಬೊಬ್ಬರೂ ಒಂದೊಂದು ರೀತಿಯಲ್ಲಿ ಕತ್ತು ಚಾಚಿ ಸಿಪಾಯಿಗಳಂತೆ ನಿಂತೆವು. ಈ ತಾಯಿ ನೋಡಿದರು, ನಕ್ಕರು. “ತಲಿ ಮ್ಯಾಲೆ ಕೊಡ ಇಟ್ಟಂಗ ಅಲ್ಲೇನ್ರೀ ಇದು?” ಎಂದು ಕೇಳಿ, ಕುರ್ಚಿಯ ಬೆನ್ನು ಹಿಡಿದು, ನೀರು ಹೊತ್ತವರ ಹಾಗೆ ನಾಲ್ಕು ಹೆಜ್ಜೆ ಇಟ್ಟರು. ಬೆನ್ನು ನೆಟ್ಟಗೆ, ಹೆಗಲು ಇಳಿಬಿಟ್ಟು, ದೃಷ್ಟಿ ಮುಂದೆ. ಮೊದಲು ಕಾಲು, ಆಮೇಲೆ ಭಾರ. ಶಿಕ್ಷಕಿಗೆ ಕನ್ನಡ ಬರುವುದಿಲ್ಲ. ನಾನು ಹಿಂದಿಯಲ್ಲಿ ಅರ್ಥ ಹೇಳಿದೆ. ಅಂದಿನಿಂದ ಅವರು ದಾರದ ಮಾತು ಬಿಟ್ಟು ಕೊಡದ ಮಾತನ್ನೇ ಹೇಳುತ್ತಾರೆ.

ಮೈಲಿಗಟ್ಟಲೆ ಕೊಡ ಹೊತ್ತದ್ದನ್ನು ವೈಭವೀಕರಿಸುವ ಉದ್ದೇಶ ನನಗಿಲ್ಲ, ಅದು ಆ ಹೆಂಗಸರ ಕತ್ತು ಸವೆಸಿದ ಕೆಲಸ. ಆದರೆ ಈ ಸೂತ್ರಗಳು ಅಂಥ ಪರದೇಶದವೇನಲ್ಲ. ‘ಸೊಂಟ ಸಡಿಲಿಸು, ಚಲನೆ ಅಲ್ಲಿಂದ ಹೊರಡಲಿ’ ಎಂಬ ಇನ್ನೊಂದು ಸೂತ್ರಕ್ಕೆ ಬೀಸುಕಲ್ಲನ್ನು ನೆನೆದರೆ ಸಾಕು. ಗೂಟ ಹಿಡಿದದ್ದು ಕೈ, ತಿರುಗಿಸುವುದು ನಡು. ಬರೀ ಕೈಯಿಂದ ಬೀಸಿದವರು ಒಂದು ಸೇರು ಜೋಳಕ್ಕೇ ಸುಸ್ತಾಗುತ್ತಿದ್ದರು. ‘ಬಲ ಬೇಡ, ಗಮನ ಇರಲಿ’ ಎಂಬುದು ಮಾತ್ರ ನನಗೆ ಇನ್ನೂ ಪೂರ್ತಿ ಕೈಗೆ ಹತ್ತಿಲ್ಲ. ಮೈ ಸಡಿಲವಾಗಿರಬೇಕು, ಆದರೆ ಜೋಲು ಬೀಳಬಾರದು. ಹಗ್ಗದ ಮೇಲೆ ಒಣಹಾಕಿದ ಪಂಚೆಯ ಹಾಗೆ, ಹಿಂಡಿದ ಪಂಚೆಯ ಹಾಗಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ. ಉಸಿರು, ಒಳಗು-ಹೊರಗು ಒಂದಾಗುವುದು ಮೊದಲಾದವು ಆಮೇಲಿನ ಪಾಠಗಳು.

ಇದಕ್ಕೆ ಆಧಾರ ಏನು? 2018ರಲ್ಲಿ ಅಮೆರಿಕದ ಆರೆಗಾನ್ ರಾಜ್ಯದಲ್ಲಿ ಫುಝಾಂಗ್ ಲಿ ಮತ್ತು ಸಂಗಡಿಗರು ಮಾಡಿದ ಅಧ್ಯಯನ ಪ್ರಕಟವಾಯಿತು. 70 ದಾಟಿದ, ಹಿಂದಿನ ವರ್ಷ ಬಿದ್ದಿದ್ದ ಅಥವಾ ನಡಿಗೆಯಲ್ಲಿ ತೊಂದರೆಯಿದ್ದ 670 ಜನರನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ತೈ ಚಿ, ಒಂದಕ್ಕೆ ಬೇರೆ ಬೇರೆ ವ್ಯಾಯಾಮಗಳ ಮಿಶ್ರಣ, ಒಂದಕ್ಕೆ ಬರೀ ಮೈ ಎಳೆಯುವ ವ್ಯಾಯಾಮ. ವಾರಕ್ಕೆ ಎರಡು ಸಲ, ಒಂದೊಂದು ಗಂಟೆ, 24 ವಾರ. ಮೈ ಎಳೆಯುವ ಗುಂಪಿಗೆ ಹೋಲಿಸಿದರೆ ತೈ ಚಿ ಗುಂಪಿನವರು ಬಿದ್ದದ್ದು ಶೇಕಡ 58 ಕಡಿಮೆ, ಮಿಶ್ರ ವ್ಯಾಯಾಮದವರಿಗೆ ಹೋಲಿಸಿದರೆ ಶೇಕಡ 31 ಕಡಿಮೆ. ಅದೇ ಸಂಶೋಧಕರು 2012ರಲ್ಲಿ 195 ಪಾರ್ಕಿನ್ಸನ್ ರೋಗಿಗಳಲ್ಲೂ ತೂಕ ಸುಧಾರಿಸಿದ್ದನ್ನು ತೋರಿಸಿದ್ದರು. ಮೊಣಕಾಲಿನ ಸವೆತದ 204 ರೋಗಿಗಳ ಮೇಲೆ ನಡೆದ, 2016ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಹನ್ನೆರಡು ವಾರಗಳ ಕೊನೆಗೆ ತೈ ಚಿ ಮತ್ತು ಫಿಸಿಯೋಥೆರಪಿ ಎರಡರ ಫಲವೂ ಹೆಚ್ಚುಕಡಿಮೆ ಒಂದೇ ಆಗಿತ್ತು.

ಅಂಕಿಗಳನ್ನು ಅವು ಹೇಳಿದಷ್ಟಕ್ಕೇ ಓದಬೇಕು. ಯಾರೂ ಬೀಳುವುದಿಲ್ಲ ಎಂದು ಅವು ಹೇಳುತ್ತಿಲ್ಲ, ಕಡಿಮೆ ಬೀಳುತ್ತಾರೆ ಎನ್ನುತ್ತಿವೆ. ಅದೂ ತರಬೇತಾದ ಶಿಕ್ಷಕರ ಮುಂದೆ, ತಿಂಗಳುಗಟ್ಟಲೆ ಕಲಿತವರಲ್ಲಿ. ಸಕ್ಕರೆ ಹೋಯಿತು, ಗಡ್ಡೆ ಕರಗಿತು ಎಂಬ ವೀಡಿಯೊಗಳನ್ನು ದಯವಿಟ್ಟು ನನಗೆ ಕಳಿಸಬೇಡಿ. ಮಾತ್ರೆ ಬಿಡುವ ಮಾತೇ ಇಲ್ಲ.

ಪುಣೆಯಲ್ಲಿ ಯೋಗ ಇರುವಾಗ ಇದೇಕೆ ಎಂದು ಸಮಿತಿ ಸಭೆಯಲ್ಲೇ ಒಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಬಿ. ಕೆ. ಎಸ್. ಅಯ್ಯಂಗಾರರು 1937ರಲ್ಲಿ ಈ ಊರಿಗೆ ಬಂದು, 1975ರಲ್ಲಿ ಮಾಡೆಲ್ ಕಾಲೊನಿಯಲ್ಲಿ ಯೋಗ ಸಂಸ್ಥೆ ತೆರೆದರು. ನಮ್ಮ ನಾಡಿನ ಆ ರೋಗಿಷ್ಠ ಹುಡುಗ ಪುಣೆಯಲ್ಲಿ ಕೂತು ಜಗತ್ತಿಗೆ ಯೋಗ ಕಲಿಸಿದ. ಯೋಗ ಮಾಡುತ್ತಿರುವವರು ಅದನ್ನೇ ಮಾಡಿ, ಅದರ ನಿಂತ ಆಸನಗಳೂ ತೂಕ ಕಲಿಸುತ್ತವೆ. ನೆಲದ ಮೇಲೆ ಕೂತು ಏಳಲಾಗದವರಿಗೆ, ಚಾಪೆ ಹಾಸಲು ಜಾಗವಿಲ್ಲದವರಿಗೆ, ಸೀರೆಯಲ್ಲೇ ಬರುವವರಿಗೆ ತೈ ಚಿ ಸುಲಭ, ಅಷ್ಟೇ ವ್ಯತ್ಯಾಸ. ಅಯ್ಯಂಗಾರರು ಹಗ್ಗ, ಇಟ್ಟಿಗೆಯಂಥ ಕಟ್ಟಿಗೆ, ಮಡಚುವ ಕುರ್ಚಿಗಳನ್ನು ಆಸನಕ್ಕೆ ಆಧಾರವಾಗಿ ಬಳಸಿದಾಗ ಮೂಗು ಮುರಿದವರಿದ್ದರು. ಕಬ್ಬಿಣದ ಮಡಚುವ ಕುರ್ಚಿ ಇಂದು ಅವರ ಪದ್ಧತಿಯ ಗುರುತೇ ಆಗಿದೆ. ತೈ ಚಿಯಲ್ಲೂ ಕುರ್ಚಿ ಹಿಡಿಯಬಾರದು ಎನ್ನುವ ಕಟ್ಟಾ ಶಿಕ್ಷಕರು ಇದ್ದಾರೆ. ಬಿದ್ದು ಎದ್ದವರಿಗೆ ನಾವು ಕುರ್ಚಿ ಕೊಟ್ಟೇ ಕೊಡುತ್ತೇವೆ. ಅಂದ ಹಾಗೆ ಅಯ್ಯಂಗಾರರು 2011ರಲ್ಲಿ, 92ನೇ ವಯಸ್ಸಿನಲ್ಲಿ, ಚೀನಾಕ್ಕೆ ಹೋಗಿ ಯೋಗ ಕಲಿಸಿ ಬಂದರು. ಅಲ್ಲಿಂದ ಇಲ್ಲಿಗೆ ಇದು ಬಂದರೆ ಲೆಕ್ಕ ಸರಿಯಾಯಿತು.

ಮನೆಯಲ್ಲಿ ಶುರುಮಾಡುವವರಿಗೆ ಕೆಲವು ಮಾತು. ಅಡುಗೆ ಕಟ್ಟೆಯ ಮುಂದೆ ನಿಂತು ಮಾಡಿ, ಕೈಗೆ ಆಧಾರ ಸಿಗುತ್ತದೆ. ಹವಾಯಿ ಚಪ್ಪಲಿ, ಕಾಲುಚೀಲ ಎರಡೂ ಬೇಡ. ಮೊಣಕಾಲು ಕಾಲ್ಬೆರಳಿನ ತುದಿ ದಾಟಬಾರದು, ಒಳಕ್ಕೂ ಬೀಳಬಾರದು. ನೋಯುವವರು ಇನ್ನಷ್ಟು ಎತ್ತರದಲ್ಲೇ ನಿಲ್ಲಿ, ತಗ್ಗುವುದರಲ್ಲಿ ಹೆಚ್ಚುಗಾರಿಕೆ ಇಲ್ಲ. ರಕ್ತದೊತ್ತಡದ ಮಾತ್ರೆ ತಿಂದು ತಲೆ ತಿರುಗುವವರು, ಮೂಳೆ ಸವೆತ ಇರುವವರು, ಇತ್ತೀಚೆಗೆ ಶಸ್ತ್ರಚಿಕಿತ್ಸೆ ಆದವರು ವೈದ್ಯರನ್ನು ಕೇಳದೆ ತೊಡಗಬಾರದು. ದಿನಕ್ಕೆ ಹದಿನೈದು ನಿಮಿಷ ಸಾಕು, ಭಾನುವಾರ ಒಂದೇ ದಿನ ಒಂದೂವರೆ ಗಂಟೆ ಮಾಡುವುದು ಬೇಡ. ತೈ ಚಿ ಕಲಿಯದಿದ್ದರೂ ಬಚ್ಚಲಿಗೆ ಒಂದು ಹಿಡಿಕೆ, ಮಲಗುವ ಕೋಣೆಯಿಂದ ಬಚ್ಚಲವರೆಗೆ ಒಂದು ರಾತ್ರಿದೀಪ ಹಾಕಿಸಿ.

ಆ ತಾಯಿ ಈಗ ಬಚ್ಚಲಿಗೆ ಒಬ್ಬರೇ ಹೋಗುತ್ತಾರೆ. ವಾಕರ್ ಬಿಟ್ಟು ಕೋಲು ಹಿಡಿದಿದ್ದಾರೆ. ಇದರಲ್ಲಿ ಶಸ್ತ್ರಚಿಕಿತ್ಸೆ ಮಾಡಿದವರ ಪಾಲೆಷ್ಟು, ಫಿಸಿಯೋಥೆರಪಿಯ ಪಾಲೆಷ್ಟು, ತೈ ಚಿಯ ಪಾಲೆಷ್ಟು ಎಂದು ಬೇರೆ ಬೇರೆ ಬರೆದಿಡಲು ಬರುವುದಿಲ್ಲ. ರೊಟ್ಟಿ ಕೆಲಸಕ್ಕೆ ಅವರು ಮರಳಿಲ್ಲ, ಸೊಸೆ ಮರಳಿದ್ದಾರೆ.

ಈಗ ಮನವಿ. ಮುರಿದ ಮೇಲಿನ ಖರ್ಚಿಗೆ ನಿಧಿ ಹಿಂದಿನಂತೆ ನೆರವು ಕೊಡುತ್ತದೆ, ಆ ಅರ್ಜಿಗಳು ಈಗಲೂ ಕಾಯುತ್ತಿವೆ, ವಿವರ ಕೊನೆಯ ಪುಟದಲ್ಲಿದೆ. ಅದರ ಜೊತೆಗೆ ಈ ವರ್ಷ ಎರಡು ಸಣ್ಣ ಬಾಬ್ತುಗಳಿಗೆ ಸಮಿತಿ ಒಪ್ಪಿದೆ. ಒಂದು, ನೆರವು ಪಡೆದ ಕುಟುಂಬಗಳ ಬಚ್ಚಲಿಗೆ ಗೋಡೆ ಹಿಡಿಕೆ ಮತ್ತು ಜಾರದ ಮ್ಯಾಟು. ಎರಡು, ಶಸ್ತ್ರಚಿಕಿತ್ಸೆಯಾದವರು ತರಗತಿಗೆ ಬಂದುಹೋಗುವ ರಿಕ್ಷಾ ಬಾಡಿಗೆ. ತರಗತಿ ಉಚಿತ, ಆದರೆ ಚಂದನನಗರದ ಒಳಗಲ್ಲಿಯಿಂದ ಕೋಲೂರಿಕೊಂಡು ನಗರ ರಸ್ತೆ ದಾಟಿ ಬರುವುದು ಸಾಧ್ಯವಿಲ್ಲ. ದೇಣಿಗೆ ಚೀಟಿಯಲ್ಲಿ ‘ಹಿಡಿಕೆ’ ಅಥವಾ ‘ರಿಕ್ಷಾ’ ಎಂದು ಬರೆದರೆ ಆ ಖಾತೆಗೇ ಜಮಾ ಮಾಡುತ್ತೇನೆ, ರಸೀದಿಯಲ್ಲೂ ಹಾಗೇ ಕಾಣಿಸುತ್ತೇನೆ. ಏನೂ ಬರೆಯದಿದ್ದರೆ ಸಾಮಾನ್ಯ ನಿಧಿಗೆ.

ಕಲಿಯಲು ಬರುವವರು ಮಂಗಳವಾರ ಮತ್ತು ಶುಕ್ರವಾರ ಬೆಳಗ್ಗೆ ಆರೂವರೆಗೆ ಬನ್ನಿ. ಜಾಗ ಸದಸ್ಯರಿಗೆ ಗೊತ್ತು. ತೆಳು ತಳದ ಬೂಟು ಹಾಕಿಕೊಳ್ಳಿ, ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಚೀಟಿ ಜೇಬಿನಲ್ಲಿರಲಿ. ಬೆನ್ನು ಗಟ್ಟಿಯಿರುವ, ಕೈಹಿಡಿ ಇಲ್ಲದ ಮರದ ಅಥವಾ ಕಬ್ಬಿಣದ ಕುರ್ಚಿಗಳು ಯಾರ ಮನೆಯಲ್ಲಾದರೂ ಮೂಲೆಗೆ ಬಿದ್ದಿದ್ದರೆ ಆರು ಬೇಕಾಗಿವೆ. ಪ್ಲಾಸ್ಟಿಕ್ಕಿನವು ಬೇಡ, ಭಾರ ಬಿಟ್ಟರೆ ಜಾರುತ್ತವೆ.